ನಿಮ್ಮ ಜಾಲತಾಣದ ಪಾಸ್‌ವರ್ಡ್ ಯಾರ ಹತ್ತಿರ ಇದೆ?

ದೆಹಲಿ, ನೋಯ್ಡಾ, ಗುರುಗ್ರಾಮ, ಫರೀದಾಬಾದ್, ಗಾಜಿಯಾಬಾದ್‌ಗಳ ಕನ್ನಡ ಕೂಟಗಳ ಪದಾಧಿಕಾರಿಗಳಿಗೆ,



ಈ ಪತ್ರ ದುಡ್ಡು ಕೇಳುವುದಕ್ಕಲ್ಲ ಎಂದರೆ ಅರ್ಧ ಸುಳ್ಳಾದೀತು. ಸ್ವಲ್ಪ ದುಡ್ಡೂ ಬೇಕು. ಅದಕ್ಕಿಂತ ಮೊದಲು ಪ್ರತಿ ಕೂಟದಿಂದ ಇಬ್ಬರ ಹೆಸರು ಬೇಕು. ಹೋದ ವರ್ಷ ಇದನ್ನೇ ವಾಟ್ಸಾಪಿನಲ್ಲಿ ಎರಡು ಸಾಲು ಬರೆದು ಕೇಳಿದಾಗ ನಿಮ್ಮಲ್ಲಿ ಅನೇಕರು ಕೈಮುಗಿಯುವ ಚಿತ್ರ ಹಾಕಿದಿರಿ. ಹೆಸರು ಮಾತ್ರ ಯಾರೂ ಕಳಿಸಲಿಲ್ಲ. ಅದಕ್ಕೇ ಈಗ ಬಿಡಿಸಿ, ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ವಿಷಯ ತಿಳಿಯದವರಿಗೆ ಹೇಳಬೇಕಾದ್ದು ಇಷ್ಟು. ಕೆಲವು ಕೂಟಗಳ, ಯಕ್ಷಗಾನ ಬಳಗಗಳ, ನಿವೃತ್ತರಾಗಿ ಇಲ್ಲೇ ನೆಲೆಸಿದ ಒಂದಿಬ್ಬರು ಲೇಖಕರ ಜಾಲತಾಣಗಳನ್ನು ನಾವು ನಾಲ್ಕಾರು ಗೆಳೆಯರು ಒಂದು ಬಾಡಿಗೆ ಸರ್ವರಿನಲ್ಲಿಟ್ಟು ನೋಡಿಕೊಳ್ಳುತ್ತಿದ್ದೇವೆ. ಸಂಬಳವಿಲ್ಲ, ಬೋರ್ಡಿಲ್ಲ, ಲಾಭವೂ ಇಲ್ಲ. ಎಲ್ಲರಿಗೂ ಬೇರೆ ನೌಕರಿ ಇದೆ. ರಾತ್ರಿ ಊಟ ಮುಗಿದ ಮೇಲೆ ಒಂದು ಗಂಟೆ, ಭಾನುವಾರ ಬೆಳಗ್ಗೆ ಇನ್ನೊಂದೆರಡು ಗಂಟೆ, ಅಷ್ಟರಲ್ಲೇ ಇದೆಲ್ಲ ನಡೆಯಬೇಕು.

ಖರ್ಚಿನ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ, ಅದು ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಜಾಲತಾಣಗಳಲ್ಲಿ ಬಳಸುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟ್ ಹಿಡಿಯುತ್ತದೆ, ಇಂಗ್ಲಿಷಿನದು ಒಂದೇ ಬೈಟ್. ಹಾಗಿದ್ದೂ ಇನ್ನೂರು ಪುಟದ ಸ್ಮರಣ ಸಂಚಿಕೆಯ ಅಷ್ಟೂ ಪಠ್ಯ ಸುಮಾರು ಒಂದು ಎಂಬಿಗೆ ಮುಗಿದುಹೋಗುತ್ತದೆ. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಮೂರು ನಾಲ್ಕು ಎಂಬಿ ಇರುತ್ತದೆ. ಅಂದರೆ ಅಧ್ಯಕ್ಷರು ದೀಪ ಬೆಳಗುವ ಒಂದೇ ಒಂದು ಚಿತ್ರ ಇಡೀ ಸಂಚಿಕೆಗಿಂತ ಹೆಚ್ಚು ಜಾಗ ತಿನ್ನುತ್ತದೆ. (ಬೆಳಗುವವರು ಒಬ್ಬರಲ್ಲ, ಫೋಟೋ ಒಂದಲ್ಲ ಎನ್ನುವುದು ನಿಮಗೂ ಗೊತ್ತು.) ಎರಡು ಜಿಬಿ ಮೆಮೊರಿಯ ಸಣ್ಣ ಸರ್ವರು ತಿಂಗಳಿಗೆ ಐನೂರರಿಂದ ಸಾವಿರ ರೂಪಾಯಿಗೆ ಸಿಗುತ್ತದೆ. ಅದರ ಮೇಲೆ ಶೇ. 18 ಜಿಎಸ್‌ಟಿ. ಬ್ಯಾಕಪ್ ಇಡುವ ಜಾಗಕ್ಕೆ ಇನ್ನು ಸ್ವಲ್ಪ. ಡೊಮೇನ್ ಹೆಸರಿಗೆ, ಅಂದರೆ ತಾಣದ ವಿಳಾಸಕ್ಕೆ, ವರ್ಷಕ್ಕೆ ಸಾವಿರದ ಆಚೀಚೆ. ಹಿಂದೆ ಎಚ್‌ಟಿಟಿಪಿಎಸ್ ಪ್ರಮಾಣಪತ್ರಕ್ಕೂ ದುಡ್ಡು ತೆರಬೇಕಿತ್ತು. ಲಾಭರಹಿತ ಸಂಸ್ಥೆಯೊಂದು ನಡೆಸುವ ಲೆಟ್ಸ್ ಎನ್‌ಕ್ರಿಪ್ಟ್ 2015ರ ಡಿಸೆಂಬರಿನಲ್ಲಿ ಎಲ್ಲರಿಗೂ ಬಾಗಿಲು ತೆರೆದ ಮೇಲೆ ಅದು ಪುಕ್ಕಟೆಯಾಯಿತು. ಒಂದೇ ಸರ್ವರಿನಲ್ಲಿ ಹತ್ತು ಹದಿನೈದು ಕೂಟಗಳ ತಾಣಗಳು ಆರಾಮವಾಗಿ ಕೂರುತ್ತವೆ. ಒಟ್ಟು ವರ್ಷದ ಲೆಕ್ಕವನ್ನು ಹಂಚಿದರೆ ಒಂದು ಕೂಟದ ಪಾಲಿಗೆ ಬರುವುದು ರಾಜ್ಯೋತ್ಸವದ ವೇದಿಕೆಯ ಒಂದು ಫ್ಲೆಕ್ಸಿನ ಬೆಲೆ.

ಹಾಗಾದರೆ ತೊಂದರೆ ಎಲ್ಲಿ? ದುಡ್ಡು ಸಣ್ಣದು, ಅದನ್ನು ಕಟ್ಟುವ ದಾರಿ ವಕ್ರ. ಅಗ್ಗದ ಸರ್ವರುಗಳನ್ನು ಕೊಡುವ ಕಂಪನಿಗಳಲ್ಲಿ ಹಲವು ಹೊರದೇಶದವು. ಅವು ಬಿಲ್ಲು ಹಾಕುವುದು ಡಾಲರಿನಲ್ಲಿ ಇಲ್ಲವೇ ಯೂರೋದಲ್ಲಿ, ಅದೂ ಯಾರಾದರೊಬ್ಬರ ಕ್ರೆಡಿಟ್ ಕಾರ್ಡಿಗೆ. ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ಹಣ ಕಡಿತವಾಗುವ ವ್ಯವಸ್ಥೆಗೆ ರಿಸರ್ವ್ ಬ್ಯಾಂಕು 2021ರ ಅಕ್ಟೋಬರ್ 1ರಿಂದ ಹೊಸ ನಿಯಮ ತಂದಿತು: ಗ್ರಾಹಕರು ಮುಂಚಿತವಾಗಿ ಒಪ್ಪಿಗೆ ದಾಖಲಿಸಿರಬೇಕು. ನಿಯಮ ಒಳ್ಳೆಯದೇ. ಆದರೆ ಹೊರದೇಶದ ಎಷ್ಟೋ ಕಂಪನಿಗಳು ಅದಕ್ಕೆ ಹೊಂದಿಕೊಳ್ಳಲಿಲ್ಲ, ನಮ್ಮ ಕಾರ್ಡುಗಳು ಅಲ್ಲಿ ಸುಮ್ಮನೆ ತಿರಸ್ಕೃತವಾದವು. ಅಂದಿನಿಂದ ತಿಂಗಳ ಬಿಲ್ಲನ್ನು ಯಾರಾದರೂ ನೆನಪಿಟ್ಟುಕೊಂಡು ಕೈಯಾರೆ ಕಟ್ಟಬೇಕು. ಕಟ್ಟುವವರು ಊರಿಗೆ, ಮದುವೆಗೆ ಹೋದರೆ ನಿಮ್ಮ ತಾಣವೂ ರಜೆ ಹಾಕುತ್ತದೆ.

"ಅಮೆರಿಕದಲ್ಲಿರೋ ನಮ್ಮ ಮಗ ಕಟ್ತಾನೆ ಬಿಡ್ರೀ" ಎಂದು ಹೇಳಿದ ಹಿರಿಯರು ಇದ್ದಾರೆ. ಅವರ ಪ್ರೀತಿ ದೊಡ್ಡದು. ಆದರೆ ಮಗನ ಪಾಸ್‌ಪೋರ್ಟು ಯಾವ ದೇಶದ್ದು ಎಂದು ಕೇಳಬೇಕಾಗುತ್ತದೆ. ಭಾರತದ ಪೌರನಾಗಿಯೇ ಉಳಿದು ಅಲ್ಲಿ ದುಡಿಯುತ್ತಿದ್ದರೆ, ಬ್ಯಾಂಕಿನ ಮೂಲಕ ಅವನು ನಿಮ್ಮ ಸಂಘಕ್ಕೆ ಕೊಡುವುದು ವಿದೇಶಿ ದೇಣಿಗೆಯಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ ಅದೇ ಹಣ ವಿದೇಶಿ ದೇಣಿಗೆಯಾಗುತ್ತದೆ, ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ. ನೋಂದಣಿ ಇದ್ದರೂ 2020ರ ತಿದ್ದುಪಡಿಯ ಪ್ರಕಾರ ಆ ಹಣ ಮೊದಲು ಬರಬೇಕಾದ್ದು ನಮ್ಮ ದೆಹಲಿಯ ಸಂಸತ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ. ಎಂಟು ಹತ್ತು ಸಾವಿರ ರೂಪಾಯಿಗೆ ಈ ಉಸಾಬರಿ ಯಾರಿಗೂ ಬೇಡ. ಇಲ್ಲಿರುವವರೇ ನೂರಿನ್ನೂರು ಹಾಕಿದರೆ ಮುಗಿಯುವ ಕೆಲಸ ಇದು.

ಮತ್ತೆ ಕೆಲವರು ಕೇಳುತ್ತೀರಿ, "ಬಾಡಿಗೆ ಯಾಕೆ, ಹಳೇ ಕಂಪ್ಯೂಟರೊಂದನ್ನು ಮನೆಯಲ್ಲೇ ಹಚ್ಚಿಟ್ಟರೆ ಆಗದೇ?" ಪಶ್ಚಿಮ ದೆಹಲಿಯ ಡಿಡಿಎ ಫ್ಲ್ಯಾಟಿನ ಮೇಲ್ಮಹಡಿಯಲ್ಲಿ ಜೂನ್ ತಿಂಗಳು ಕಳೆದವರು ಹೀಗೆ ಕೇಳಲಾರರು. ಹೊರಗೆ ನಲವತ್ತೈದು ಡಿಗ್ರಿ, ಒಳಗೆ ಕೂಲರು, ಕರೆಂಟು ಹೋದರೆ ಇನ್ವರ್ಟರಿನ ಮೇಲೆ ಫ್ಯಾನು. ಆ ಇನ್ವರ್ಟರಿಗೆ ಸರ್ವರನ್ನೂ ತಗುಲಿಸಿದರೆ ಮನೆಯವರು ಏನೆನ್ನುತ್ತಾರೆ ಎನ್ನುವುದನ್ನು ಇಲ್ಲಿ ಬರೆಯಲಾಗುವುದಿಲ್ಲ. ಸೆಕೆ ಒತ್ತಟ್ಟಿಗಿರಲಿ, ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಸಾಮಾನ್ಯವಾಗಿ ನಮಗೆಂದೇ ಮೀಸಲಾದ ಐಪಿ ವಿಳಾಸ ಇರುವುದಿಲ್ಲ. ಒಂದೇ ವಿಳಾಸದ ಹಿಂದೆ ನೂರಾರು ಮನೆಗಳನ್ನು ಕೂರಿಸಿರುತ್ತಾರೆ. ಒಳಗಿನವರು ಹೊರಗೆ ಹೋಗಬಹುದು, ಹೊರಗಿನಿಂದ ಬಂದವರಿಗೆ ಮನೆ ಸಿಗುವುದಿಲ್ಲ. ಖಾಯಂ ವಿಳಾಸ ಬೇಕೆಂದರೆ ಪ್ರತ್ಯೇಕ ಶುಲ್ಕ. ಅದನ್ನು ಕಟ್ಟುವ ದುಡ್ಡಿಗೆ ಬಾಡಿಗೆಯ ಸರ್ವರೇ ಬರುತ್ತದೆ.

ಪುಕ್ಕಟೆ ಸೇವೆಗಳ ಬಗ್ಗೆ ನನಗೆ ಸಿಟ್ಟೇನೂ ಇಲ್ಲ. ಫೇಸ್‌ಬುಕ್ ಪುಟ ಇಟ್ಟುಕೊಳ್ಳಿ, ಯೂಟ್ಯೂಬಿಗೆ ನಾಟಕ ಏರಿಸಿ. ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಜಿಯೋಸಿಟೀಸ್ ಎಂಬ ತಾಣದಲ್ಲಿ ಲಕ್ಷಾಂತರ ಜನ ಪುಕ್ಕಟೆ ಪುಟ ಕಟ್ಟಿದ್ದರು. 1999ರಲ್ಲಿ ಯಾಹೂ ಅದನ್ನು ಕೊಂಡಿತು, 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ನಿಂತಿತು. ಅಲ್ಲಿ ಕನ್ನಡದ ಎಷ್ಟು ಬಳಗಗಳಿದ್ದವು, ಎಂಥ ಜಗಳಗಳು ನಡೆಯುತ್ತಿದ್ದವು ಎನ್ನುವುದು ನಿಮ್ಮಲ್ಲಿ ನಲವತ್ತು ದಾಟಿದವರಿಗೆ ನೆನಪಿರಬೇಕು. ಯಾಹೂ ಗ್ರೂಪ್ಸ್ 2020ರ ಡಿಸೆಂಬರಿನಲ್ಲಿ ಹೋಯಿತು. ಮುಚ್ಚಿದವರು ಯಾರೂ ಮೋಸ ಮಾಡಲಿಲ್ಲ, ಮೊದಲೇ ಹೇಳಿದ್ದರು. ಹೇಳಿದ್ದು ತಲುಪಿದ್ದು ಮಾತ್ರ ಯಾರೂ ತೆರೆಯದ ಇಮೇಲ್ ಪೆಟ್ಟಿಗೆಗಳಿಗೆ.

ಈಗ ನಾನು ನಿಜವಾಗಿ ಹೇಳಬೇಕಾದ ವಿಷಯಕ್ಕೆ ಬಂದೆ.

ದೆಹಲಿಯ ಕನ್ನಡಿಗರಲ್ಲಿ ಬಹಳ ಮಂದಿ ವರ್ಗಾವಣೆಯವರು. ಸಚಿವಾಲಯ, ರೈಲ್ವೆ, ಬ್ಯಾಂಕು, ಸೇನೆ, ಸಾರ್ವಜನಿಕ ಉದ್ದಿಮೆ. ಮೂರು ವರ್ಷ, ಐದು ವರ್ಷ ಇರುತ್ತಾರೆ, ಕೂಟದಲ್ಲಿ ಹುರುಪಿನಿಂದ ದುಡಿಯುತ್ತಾರೆ, ಆಮೇಲೆ ಗುವಾಹಟಿಗೋ ಭೋಪಾಲಕ್ಕೋ ಆದೇಶ ಬರುತ್ತದೆ. ನಿವೃತ್ತರಾದವರು ಮೈಸೂರಿಗೆ, ಧಾರವಾಡಕ್ಕೆ, ಮಗಳಿರುವ ಪುಣೆಗೆ ಹೋಗುತ್ತಾರೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಕೂಟದ ಜಾಲತಾಣವನ್ನು ಅವರು ಮಾಡಿಸಿದಾಗ ಡೊಮೇನ್ ಕೊಂಡದ್ದು ಸ್ವಂತ ಹೆಸರಿನಲ್ಲಿ, ಸ್ವಂತ ಕಾರ್ಡಿನಲ್ಲಿ. ನೋಂದಣಿಗೆ ಕೊಟ್ಟ ಇಮೇಲು ಕೆಲವೊಮ್ಮೆ ಕಚೇರಿಯದ್ದು. ಓಟಿಪಿ ಬರುವ ಮೊಬೈಲು ದೆಹಲಿಯ ಸಿಮ್ಮು. ಊರು ಬಿಟ್ಟ ಮೇಲೆ ಆ ಸಿಮ್ಮನ್ನು ಕೈಬಿಟ್ಟರೆ 90 ದಿನ ಕಳೆದ ಬಳಿಕ ಅದೇ ನಂಬರು ಬೇರೊಬ್ಬರಿಗೆ ಹೋಗಬಹುದು. ಆಗ ನಿಮ್ಮ ಕೂಟದ ತಾಣದ ಓಟಿಪಿ ಉತ್ತಮ್ ನಗರದ ಯಾವುದೋ ಅಂಗಡಿಯವರ ಫೋನಿನಲ್ಲಿ ಟಿಂಗ್ ಎನ್ನುತ್ತದೆ.

ಅವಧಿ ಮುಗಿದ ಡೊಮೇನಿಗೆ ಏನಾಗುತ್ತದೆ ಎನ್ನುವುದನ್ನು ಖಜಾಂಚಿಗಳು ತಿಳಿದಿರಬೇಕು. .ಕಾಂ, .ಆರ್ಗ್ ಹೆಸರುಗಳಾದರೆ ಮಾರಿದ ಕಂಪನಿ ಮೊದಲು ಕೆಲವು ವಾರ ಕಾಯಬಹುದು. ಬಳಿಕ 30 ದಿನಗಳ ಒಂದು ಗಡುವು ಇರುತ್ತದೆ, ಆಗ ದಂಡ ಸಮೇತ ಕಟ್ಟಿದರೆ ಬಿಡಿಸಿಕೊಳ್ಳಬಹುದು. ಆಮೇಲೆ 5 ದಿನ ಏನೂ ಮಾಡಲಾಗದು. ಆರನೆಯ ದಿನ ಜಗತ್ತಿನ ಯಾರು ಬೇಕಾದರೂ ಅದನ್ನು ಕೊಳ್ಳಬಹುದು, ಕೊಳ್ಳುವುದಕ್ಕೆಂದೇ ಕಾದು ಕೂತವರಿದ್ದಾರೆ. ವರ್ಷಗಟ್ಟಲೆ ನಡೆದ ತಾಣದ ವಿಳಾಸಕ್ಕೆ ಹುಡುಕುಯಂತ್ರಗಳಲ್ಲಿ ಒಂದು ಬೆಲೆ ಇರುತ್ತದಲ್ಲ, ಅದಕ್ಕಾಗಿ. ದಾಸರ ಪದಗಳ ಪಟ್ಟಿ ಇದ್ದ ವಿಳಾಸದಲ್ಲಿ ಜೂಜಿನ ಜಾಹೀರಾತು ತೆರೆದುಕೊಂಡಾಗ ಫೋನು ನನಗೆ ಬರುತ್ತದೆ: "ಏನ್ರೀ ಇದು, ನೀವು ನೋಡ್ಕೊಳ್ಳೋದಿಲ್ವಾ?" ಸರ್ವರು ನಮ್ಮದು ಸ್ವಾಮಿ, ವಿಳಾಸ ನಿಮ್ಮದು. ಅದರ ಯಜಮಾನರು ಯಾರೆಂದು ನಿಮಗೇ ಗೊತ್ತಿಲ್ಲದಿದ್ದರೆ ನಾವೇನು ಮಾಡೋಣ?

ಅದಕ್ಕೇ ಇಬ್ಬರ ಹೆಸರು ಕೇಳುತ್ತಿರುವುದು. ಡೊಮೇನು ಸಂಘದ ಹೆಸರಿನಲ್ಲಿರಲಿ. ಇಮೇಲು ವ್ಯಕ್ತಿಯದ್ದಾಗದೆ ಹುದ್ದೆಯದ್ದಾಗಿರಲಿ, ಕಾರ್ಯದರ್ಶಿ ಬದಲಾದರೆ ಪಾಸ್‌ವರ್ಡು ಬದಲಾಗಲಿ. ಇಬ್ಬರಲ್ಲಿ ಒಬ್ಬರಾದರೂ ಇಲ್ಲೇ ಮನೆ ಮಾಡಿಕೊಂಡವರಾಗಿರಲಿ. ಕಂಪ್ಯೂಟರ್ ಬಲ್ಲವರೇ ಆಗಬೇಕೆಂದಿಲ್ಲ. ಬಿಲ್ಲು ಬಂದಾಗ ಕಟ್ಟುವ, ಪತ್ರ ಬಂದಾಗ ಓದುವ, ಫೋನು ಎತ್ತುವ ಗುಣ ಸಾಕು. ಅಂಥವರು ಪ್ರತಿ ಕೂಟದಲ್ಲೂ ಇದ್ದಾರೆ. ಸಾಮಾನ್ಯವಾಗಿ ಅವರನ್ನು ಊಟದ ವ್ಯವಸ್ಥೆಗೆ ಹಾಕಿರುತ್ತೀರಿ.

ನಮ್ಮ ಕಡೆಯ ಇಬ್ಬರ ವಿಷಯವನ್ನೂ ಹೇಳಬೇಕು. ಸರ್ವರಿನ ಪೂರ್ಣ ಅಧಿಕಾರ ಈಗ ನನ್ನ ಬಳಿ ಮತ್ತು ದ್ವಾರಕಾದಲ್ಲಿರುವ ಒಬ್ಬ ಗೆಳತಿಯ ಬಳಿ ಇದೆ. ಬ್ಯಾಕಪ್ಪಿನ ಒಂದು ಪ್ರತಿ ಬೇರೆ ಕಂಪನಿಯ ಬೇರೆ ಸರ್ವರಿನಲ್ಲಿ, ಇನ್ನೊಂದು ಮನೆಯ ಬೀರುವಿನ ಹಾರ್ಡ್ ಡಿಸ್ಕಿನಲ್ಲಿ. ಬ್ಯಾಕಪ್ ಇದ್ದರೆ ಸಾಲದು, ಅದರಿಂದ ತಾಣವನ್ನು ಮತ್ತೆ ಎಬ್ಬಿಸಿ ನೋಡಬೇಕು. ಆಗಾಗ ಅದನ್ನೂ ಮಾಡುತ್ತೇವೆ. ಇದನ್ನು ಕಲಿಯುವ ಮನಸ್ಸಿರುವ ಹುಡುಗ ಹುಡುಗಿಯರು ನಿಮ್ಮ ಮನೆಗಳಲ್ಲಿದ್ದರೆ ಕಳಿಸಿ. ಲೋಧಿ ಎಸ್ಟೇಟಿನ ಕನ್ನಡ ಶಾಲೆಯಲ್ಲಿ ಓದಿ ಈಗ ಸಾಫ್ಟ್‌ವೇರಿನಲ್ಲಿರುವವರು ಎಷ್ಟು ಜನ ಇಲ್ಲ! ಕನ್ನಡ ಓದಲು ಬಂದು, ಲಿನಕ್ಸಿನ ಕಪ್ಪು ಪರದೆಗೆ ಹೆದರದಿದ್ದರೆ ಸಾಕು.

ತಾಂತ್ರಿಕ ಕೆಲಸದ ಬಗ್ಗೆ ಹೆಚ್ಚು ಹೇಳಿ ಬೇಸರ ಮಾಡುವುದಿಲ್ಲ. ಒಂದನ್ನು ಮಾತ್ರ ಹೇಳಲೇಬೇಕು. ನಿಮ್ಮ ತಾಣಗಳಲ್ಲಿ ಹೆಚ್ಚಿನವು ವರ್ಡ್‌ಪ್ರೆಸ್ಸಿನಲ್ಲಿವೆ. ಅವು ಬದಲಾಗುವುದು ವರ್ಷಕ್ಕೆ ಎರಡು ಸಲ, ಯುಗಾದಿಗೆ ಮತ್ತು ರಾಜ್ಯೋತ್ಸವಕ್ಕೆ. ಉಳಿದ ದಿನವೆಲ್ಲ ಅವುಗಳ ಹಿಂದಿನ ಡೇಟಾಬೇಸು, ಯಾರೋ ಹಾಕಿ ಮರೆತ ಪ್ಲಗಿನ್ನುಗಳು ಸುಮ್ಮನೆ ಓಡುತ್ತಿರುತ್ತವೆ, ಜಗತ್ತಿನ ಮೂಲೆಮೂಲೆಯ ಬಾಟ್‌ಗಳು ಹಗಲಿರುಳು ಚಿಲಕ ಅಲ್ಲಾಡಿಸಿ ನೋಡುತ್ತಿರುತ್ತವೆ. ಕೃತಕ ಬುದ್ಧಿಮತ್ತೆಗೆ ಪಠ್ಯ ಹೆಕ್ಕುವ ಬಾಟ್‌ಗಳು ಈಚೆಗೆ ಇವುಗಳ ಜೊತೆ ಸೇರಿವೆ. ಇದು ನಮ್ಮೊಬ್ಬರ ಗೋಳಲ್ಲ. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ನೇ 2025ರ ಏಪ್ರಿಲಿನಲ್ಲಿ ಹೇಳಿತು: ಚಿತ್ರ, ವಿಡಿಯೊಗಳನ್ನು ಇಳಿಸಿಕೊಳ್ಳುವ ದಟ್ಟಣೆ 2024ರ ಜನವರಿಯಿಂದ ಶೇ. 50 ಏರಿದೆ, ತಮಗೆ ಅತಿ ದುಬಾರಿ ಬೀಳುವ ದಟ್ಟಣೆಯಲ್ಲಿ ಶೇ. 65 ಬಾಟ್‌ಗಳದ್ದು. ಅಷ್ಟು ದೊಡ್ಡವರಿಗೇ ಹೀಗಾದರೆ ಎರಡು ಜಿಬಿಯ ನಮ್ಮ ಸರ್ವರು ಒಂದು ರಾತ್ರಿ ಉಸಿರುಕಟ್ಟಿ ನಿಂತರೆ ಅಚ್ಚರಿ ಪಡಬೇಡಿ. ಇದಕ್ಕೆ ನಮ್ಮ ಪರಿಹಾರ ಸರಳ: ಬದಲಾಗದ ಪುಟಗಳನ್ನು ಬರಿಯ ಎಚ್‌ಟಿಎಂಎಲ್ ಕಡತಗಳನ್ನಾಗಿ ಮಾಡಿಡುವುದು. ಡೇಟಾಬೇಸಿಲ್ಲ, ಪ್ಲಗಿನ್ನಿಲ್ಲ, ಮುರಿಯಲು ಚಿಲಕವೇ ಇಲ್ಲ. ಓಡುವ ಅಕ್ಷರಗಳು, ಮೇಲಿಂದ ಉದುರುವ ಹೂಗಳು, ತೆರೆದೊಡನೆ ಮೊಳಗುವ ನಾಡಗೀತೆ ಇವೆಲ್ಲ ಹೋಗುತ್ತವೆ. ಹೋಗಲಿ ಬಿಡಿ.

ಇಮೇಲ್ ಸೇವೆಯನ್ನು ನಾವು ಕೊಡುವುದಿಲ್ಲ, ಮುಂದೆಯೂ ಕೊಡುವುದಿಲ್ಲ. ಸಣ್ಣ ಸರ್ವರಿನಿಂದ ಹೊರಟ ಪತ್ರವನ್ನು ದೊಡ್ಡ ಕಂಪನಿಗಳು ಸ್ಪ್ಯಾಮ್ ಎಂದು ಬದಿಗೆ ಸರಿಸುತ್ತವೆ. ಆ ಹೋರಾಟಕ್ಕೆ ನಮಗೆ ಆಯುಷ್ಯ ಸಾಲದು.

ಹಳೆಯ ಸ್ಮರಣ ಸಂಚಿಕೆಗಳ ಕಡತ ಕೊಡುವವರಿಗೆ ಒಂದು ಕೋರಿಕೆ. ಅವು ಪೇಜ್‌ಮೇಕರಿನಲ್ಲಿ, ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿವೆ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅದು ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಯೂನಿಕೋಡಿಗೆ ತಿರುಗಿಸುವ ಸಾಧನಗಳಿವೆ, ಆದರೂ ಅರ್ಕಾವತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಬಿಟ್ಟುಹೋಗುತ್ತದೆ. ಕರಡು ತಿದ್ದುವವರು ಬೇಕು. ಮಧ್ಯಾಹ್ನ ಬಿಡುವಿರುವ, ಕನ್ನಡ ಚೆನ್ನಾಗಿ ಬಲ್ಲ ಅಜ್ಜ ಅಜ್ಜಿಯರಿಗಿಂತ ಇದಕ್ಕೆ ಒಳ್ಳೆಯವರು ಸಿಕ್ಕಲಾರರು. ದೆಹಲಿಯ ಕನ್ನಡಿಗರು ಇಲ್ಲಿ ಏನು ಆಡಿದರು, ಏನು ಹಾಡಿದರು, ಯಾರನ್ನು ಕರೆಸಿದರು ಎನ್ನುವುದಕ್ಕೆ ಆ ಸಂಚಿಕೆಗಳಲ್ಲದೆ ಬೇರೆ ದಾಖಲೆ ಬಹುಮಟ್ಟಿಗೆ ಇಲ್ಲ. ಸ್ವಯಂಸೇವಕರು ಸೇರಿದರೆ ಏನಾಗಬಹುದು ಎನ್ನುವುದಕ್ಕೆ ಬೆಂಗಳೂರಿನ ಸಂಚಯ ತಂಡವನ್ನು ನೋಡಿ. ಓಂಶಿವಪ್ರಕಾಶ್, ವಸುಧೇಂದ್ರ, ಓ.ಎಲ್. ನಾಗಭೂಷಣ ಸ್ವಾಮಿ ಮೊದಲಾದವರು ಕೈಗೂಡಿಸಿ ಕಟ್ಟಿದ 'ವಚನ ಸಂಚಯ'ದಲ್ಲಿ 20,000ಕ್ಕೂ ಹೆಚ್ಚು ವಚನಗಳನ್ನು ಪದ ಹಿಡಿದು ಹುಡುಕಬಹುದು. ಅದಕ್ಕೂ ಮುಂಚೆ, 2005ರಲ್ಲಿ, ಹರಿಪ್ರಸಾದ್ ನಾಡಿಗ್ 'ಸಂಪದ' ಜಾಲತಾಣವನ್ನು ಶುರುಮಾಡಿದಾಗ ಅಂತರ್ಜಾಲದಲ್ಲಿ ಯೂನಿಕೋಡ್ ಕನ್ನಡ ಓದುವುದೇ ಎಷ್ಟೋ ಜನರಿಗೆ ಹೊಸದು. ಇವು ಯಾವುವೂ ದೊಡ್ಡ ಬಂಡವಾಳದಿಂದ ಹುಟ್ಟಿದವಲ್ಲ.

ಕಾನೂನಿನ ಮಾತು ಚಿಕ್ಕದಾಗಿ. ಕಂಪ್ಯೂಟರ್ ಸುರಕ್ಷತೆಯ ಕೇಂದ್ರ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ತಾಣಕ್ಕೆ ಕನ್ನ ಬಿದ್ದರೆ ಗೊತ್ತಾದ ಆರು ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟಿರಬೇಕು. ದೊಡ್ಡ ಕಂಪನಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಿರಬಹುದು, ಆದರೆ ನಾವು ಅದರ ಹೊರಗೆ ಎಂದುಕೊಂಡು ಕೂರುವ ಧೈರ್ಯ ನನಗಿಲ್ಲ. ನಿಮ್ಮ ತಾಣದಲ್ಲಿ ಏನು ಪ್ರಕಟವಾಗುತ್ತದೆ ಎಂಬುದಕ್ಕೂ ಹೊಣೆ ಹೊರುವವರ ಹೆಸರು ಬೇಕು. ಕೂಟದ ಚುನಾವಣೆಯ ಜಗಳ ತಾಣದಲ್ಲಿ ಬರಹವಾಗಿ ಮೂಡಿ, ರಾತ್ರಿ ಹನ್ನೊಂದಕ್ಕೆ ಎರಡೂ ಬಣದವರು ನನಗೇ ಫೋನು ಮಾಡುವುದು ಇನ್ನು ನಡೆಯದು.

ನಾವು ಸಣ್ಣದಾಗಿಯೇ ಉಳಿಯುವುದು ಯಾಕೆ ಎನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಫ್ರಾನ್ಸಿನಲ್ಲಿ ಫ್ರಾಮಾಸಾಫ್ಟ್ ಎಂಬ ಸಣ್ಣ ಸಂಘವಿದೆ. ದೊಡ್ಡ ಕಂಪನಿಗಳ ಸೇವೆಗಳಿಗೆ ಪರ್ಯಾಯವಾಗಿ 2014ರಿಂದ ಹತ್ತಾರು ಪುಕ್ಕಟೆ ಸೇವೆಗಳನ್ನು ನಡೆಸಿತು. ಜನ ಮುಗಿಬಿದ್ದರು. 2019ರಲ್ಲಿ ಅವರು ತಾವೇ ಕೆಲವನ್ನು ಹಂತಹಂತವಾಗಿ ಮುಚ್ಚುವುದಾಗಿ ಘೋಷಿಸಿದರು, ಎಲ್ಲವೂ ತಮ್ಮೊಬ್ಬರ ಮೇಲೆ ಬೀಳುವುದು ಸರಿಯಲ್ಲ, ಊರೂರಲ್ಲಿ ಸಣ್ಣ ಸಣ್ಣ ಗುಂಪುಗಳು ಹಂಚಿಕೊಳ್ಳಲಿ ಎಂದರು. ಅಂಥ ಗುಂಪುಗಳ ಒಕ್ಕೂಟವನ್ನು 2016ರಲ್ಲೇ ಕಟ್ಟಿದ್ದರು. ನಮ್ಮ ದೇಶದಲ್ಲೂ ಫ್ರೀ ಸಾಫ್ಟ್‌ವೇರ್ ಕಮ್ಯುನಿಟಿ ಆಫ್ ಇಂಡಿಯಾದ ಸ್ವಯಂಸೇವಕರು ದೇಣಿಗೆಯ ಹಣದಲ್ಲೇ ಸಂದೇಶ, ವಿಡಿಯೊ ಸಭೆ ಮೊದಲಾದ ಸೇವೆಗಳನ್ನು ನಡೆಸುತ್ತಾರೆ. ಸಣ್ಣದಾಗಿರುವುದು ನಾಚಿಕೆಯ ವಿಷಯವಲ್ಲ. ಇನ್ನಷ್ಟು ಕೂಟಗಳನ್ನು ಸೇರಿಸಿಕೊಳ್ಳಿ ಎಂದು ನೀವು ಒತ್ತಾಯಿಸಿದಾಗ ನಾವು ಬೇಡ ಎನ್ನುವುದು ಇದಕ್ಕೇ. ಅಹಂಕಾರ ಎಂದು ಯಾರೋ ಅಂದರಂತೆ. ಇರಲಿ.

ನಮ್ಮ ನಿರ್ಧಾರ ಹೀಗಿದೆ. ನಿಮ್ಮ ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಇಬ್ಬರನ್ನು ಗೊತ್ತುಮಾಡಿ, ನಡಾವಳಿಯಲ್ಲಿ ಬರೆದು, ಅದರ ಪ್ರತಿ ಕಳಿಸಿ. ಡೊಮೇನ್ ಯಾರ ಹೆಸರಿನಲ್ಲಿದೆ ಎಂದು ಪತ್ತೆ ಮಾಡಿ, ಸಂಘದ ಹೆಸರಿಗೆ ಬದಲಾಯಿಸಿಕೊಳ್ಳಿ. ಬಿಟ್ಟುಹೋದವರಿಗೆ ಫೋನು ಮಾಡಿದರೆ ಅವರು ಸಂತೋಷದಿಂದಲೇ ಸಹಾಯ ಮಾಡುತ್ತಾರೆ, ಯಾರೂ ಕೇಳಿಲ್ಲ ಅಷ್ಟೇ. ವರ್ಷದ ಪಾಲನ್ನು ಏಪ್ರಿಲಿನಲ್ಲಿ ಒಂದೇ ಕಂತಿನಲ್ಲಿ ಕೊಡಿ. ಖರ್ಚಿನ ಪೂರ್ತಿ ಲೆಕ್ಕವನ್ನು ಬಿಲ್ಲುಗಳ ಸಮೇತ ಪ್ರತಿ ವರ್ಷ ನಿಮಗೆಲ್ಲ ಕಳಿಸುತ್ತೇವೆ, ಉಳಿದ ಹಣ ಮುಂದಿನ ವರ್ಷಕ್ಕೆ. ಬೇರೆ ಕಡೆಗೆ ಹೋಗುವ ಕೂಟಕ್ಕೆ ಅದರ ಅಷ್ಟೂ ಕಡತಗಳನ್ನು ಕಟ್ಟಿ ಕೊಡುತ್ತೇವೆ, ಮುನಿಸಿಲ್ಲ.

ರಾಜ್ಯೋತ್ಸವದೊಳಗೆ ಹೆಸರು ಬಾರದ ಕೂಟಗಳ ತಾಣಗಳನ್ನು ನವೆಂಬರ್ ಕೊನೆಗೆ ನಿಲ್ಲಿಸುತ್ತೇವೆ. ಏನನ್ನೂ ಅಳಿಸುವುದಿಲ್ಲ. ನಿಮ್ಮ ಒಪ್ಪಿಗೆ ಇದ್ದರೆ ಸಂಚಿಕೆಗಳನ್ನೂ ಫೋಟೋಗಳನ್ನೂ ಇಂಟರ್ನೆಟ್ ಆರ್ಕೈವಿಗೆ ಏರಿಸಿ ಅದರ ಕೊಂಡಿ ಕೊಡುತ್ತೇವೆ. 1996ರಿಂದ ನಡೆಯುತ್ತಿರುವ ಲಾಭರಹಿತ ಗ್ರಂಥಾಲಯ ಅದು, ನಮಗಿಂತ ಗಟ್ಟಿ. ಆದರೆ ಯಜಮಾನರಿಲ್ಲದ ಡೊಮೇನುಗಳ ನವೀಕರಣಕ್ಕೆ ನಮ್ಮ ಕೈಯಿಂದ ಹಣ ಹಾಕುವುದು ಈ ವರ್ಷಕ್ಕೆ ಮುಗಿಯಿತು.

ಮಾತಾಡಬೇಕೆನ್ನುವವರು ಯಾವ ಭಾನುವಾರವಾದರೂ ಬನ್ನಿ. ಜನಕಪುರಿ ಪಶ್ಚಿಮ ನಿಲ್ದಾಣಕ್ಕೆ ನೀಲಿ ಲೈನೂ ಬರುತ್ತದೆ, ಮೆಜೆಂಟಾ ಲೈನೂ ಬರುತ್ತದೆ. ಆರ್.ಕೆ. ಪುರಂನ ಕರ್ನಾಟಕ ಸಂಘದ ಕಡೆಯಿಂದಲೂ ನೋಯ್ಡಾದಿಂದಲೂ ರೈಲು ಬದಲಿಸದೆ ಬರಬಹುದು. ಬರುವಾಗ ಹಳೆಯ ಡೊಮೇನ್ ರಸೀದಿ ಸಿಕ್ಕರೆ ತನ್ನಿ. ಮುಖ್ಯವಾಗಿ, ಆ ಎರಡನೆಯವರನ್ನು ಜೊತೆಗೆ ಕರೆದುಕೊಂಡು ಬನ್ನಿ.

ಇಂತಿ ನಿಮ್ಮವ,
ಜನಕಪುರಿಯ ಒಬ್ಬ ಸ್ವಯಂಸೇವಕ